ಪಟ್ಟೆ ಎರಡಕ್ಕೂ ಇದೆ

ಉಮ್ಮಚಗಿ ಕಡೆಯ ಒಂದು ಊರು. ಬೆಳಗ್ಗೆ ಆರೂವರೆ. ತನುಜಾ ಎದ್ದು, ನೆಲಕ್ಕೆ ಹಾಸಿದ್ದ ಚಾಪೆ ಮಡಚುತ್ತಿದ್ದಳು. ಅದರ ಅಡಿಯಿಂದ ಕರಿ ಮೈಯ, ಬಿಳಿ ಪಟ್ಟೆಯ ಹಾವೊಂದು ಹೊರಟು ಗೋಡೆಯ ಕಡೆ ಸರಿಯಿತು. ಗಂಡ ಮನೋಹರ ದೊಣ್ಣೆ ತಂದು ಹೊಡೆದ. ಹಾವಿನ ತಲೆ ಜಜ್ಜಿಹೋಯಿತು. ದೊಣ್ಣೆಯ ತುದಿಯಲ್ಲಿ ಎತ್ತಿ ಅಂಗಳಕ್ಕೆ ಹಾಕಿದ.

"ನಿಂಗೆ ಕಚ್ಚಿದ್ದಾ?" ಎಂದು ಅತ್ತೆ ಗೌರಕ್ಕ ಕೇಳಿದಳು.

"ಗೊತ್ತಿಲ್ಲೆ ಅತ್ತೆ. ಬೆಳಗಿನ ಜಾವ ಮೊಣಕೈ ಹತ್ರ ಇರುವೆ ಕಚ್ಚಿದಾಂಗೆ ಆಗಿತ್ತು. ಈಗ ಹೊಟ್ಟೆ ನೋಯ್ತಾ ಇದ್ದು."

ಮೊಣಕೈಯಲ್ಲಿ ಬಾವು ಇರಲಿಲ್ಲ, ರಕ್ತ ಇರಲಿಲ್ಲ. ಗೌರಕ್ಕ ಒಳಗಿನಿಂದ ಕಾಳುಮೆಣಸು ತಂದಳು.

"ನಾಲ್ಕು ಕಾಳು ಅಗಿ. ಖಾರ ಹತ್ತಿರೆ ವಿಷ ಇಲ್ಲೆ."

ತನುಜಾ ಅಗಿದಳು. ಖಾರ ಹತ್ತಿತು. ಮನೆಮಂದಿಗೆಲ್ಲ ಜೀವ ಬಂದಂತಾಯಿತು. ಅವಳನ್ನು ಜಗಲಿಯ ಕಂಬಕ್ಕೆ ಒರಗಿಸಿ ಎಲ್ಲರೂ ಅಂಗಳಕ್ಕೆ ಇಳಿದರು.

ಮನೋಹರನ ತಮ್ಮ ದರ್ಶನ ಮೊಬೈಲಿನಲ್ಲಿ ಫೋಟೋ ತೆಗೆಯುತ್ತ ಹಾವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹಾವು ಹಿಡಿಯುವವರ ವಿಡಿಯೋ ನೋಡಿ ನೋಡಿ ಅವನಿಗೆ ಊರಿನಲ್ಲಿ ಒಂದು ಹೆಸರು ಬಂದಿತ್ತು.

"ಇದು ತೋಳದ ಹಾವು. ವಿಷ ಇಲ್ದೇ ಇಪ್ಪ ಜಾತಿ. ಪಟ್ಟೆ ನೋಡು, ವಿಡಿಯೋದಲ್ಲಿ ಹಿಂಗೇ ಇದ್ದು."

"ವಿಷದ ಕಟ್ಟುಹಾವಿಗೂ ಪಟ್ಟೆ ಇರ್ತಲ್ಲೋ?" ಎಂದ ಪಕ್ಕದ ಮನೆಯ ರಾಮ.

"ಅದು ಇಷ್ಟು ಸಣ್ಣ ಇರ್ತಿಲ್ಲೆ ಮಾರಾಯ. ನಿಂಗೆ ಕರಿ ಹಾವೆಲ್ಲ ಕಟ್ಟುಹಾವೇ. ಬೆಲ್ಟು ಬಿದ್ದದ್ದು ಕಂಡ್ರೂ ಓಡವ ನೀನು."

ನಕ್ಕರು. ಇನ್ನೂ ಇಬ್ಬರು ಬಂದು ಸೇರಿದರು. ಹಾವಿನ ಸುತ್ತ ಆರು ಜನ. ಜಗಲಿಗೆ ಆರೂ ಜನರ ಬೆನ್ನು.

ತನುಜಾ ಒಮ್ಮೆ ನೀರು ಕೇಳಿದಳು. ಗೌರಕ್ಕ ಕೊಟ್ಟ ನೀರು ಬಾಯಿಯ ಅಂಚಿನಿಂದ ಇಳಿದು ಸೀರೆಯ ಮೇಲೆ ಬಿತ್ತು.

"ನಿದ್ದೆ ಸಮಾ ಆಜಿಲ್ಲೆ ಕಾಣ್ತು. ಮಲಗ್ಲಿ ಬಿಡು" ಎಂದ ಮನೋಹರ, ಅಂಗಳದಿಂದಲೇ.

ಹೀಗೆ ಮುಕ್ಕಾಲು ಗಂಟೆ ಹೋಯಿತು.

ಆಶಾ ಕಾರ್ಯಕರ್ತೆ ನಮಿತಾ ಮಕ್ಕಳ ಲಸಿಕೆಯ ದಿನ ತಿಳಿಸಲು ಆ ದಾರಿಯಲ್ಲಿ ಬಂದದ್ದು ಆಗ.

"ಬನ್ನಿ ನಮಿತಕ್ಕ. ತೋಳದ ಹಾವು ಹೌದೋ ಅಲ್ದೋ ನೀವೇ ಹೇಳಿ" ಎಂದು ದರ್ಶನ ಕರೆದ.

"ಯಾರಿಗೆ ಕಚ್ಚಿದೆ?"

ಮನೋಹರ ಗದ್ದದಿಂದ ಜಗಲಿಯ ಕಡೆ ತೋರಿಸಿದ. ನಮಿತಾ ಹಾವಿನತ್ತ ತಿರುಗಿಯೂ ನೋಡದೆ ಜಗಲಿ ಹತ್ತಿದಳು.

"ತನುಜಾ, ಕಣ್ಣು ಬಿಡು."

ರೆಪ್ಪೆಗಳು ಅರ್ಧ ಎದ್ದು ಬಿದ್ದವು.

"ನಾಲಿಗೆ ಹೊರಗೆ ಹಾಕು."

ನಾಲಿಗೆ ಹಲ್ಲು ದಾಟಲಿಲ್ಲ.

"ಇದು ನಿದ್ದೆ ಅಲ್ಲ ಮನೋಹರಣ್ಣ. ರೆಪ್ಪೆ ಎತ್ತಲಿಕ್ಕೆ ಶಕ್ತಿ ಇಲ್ಲ ಅವಳಿಗೆ. ಇನ್ನು ಸ್ವಲ್ಪ ಹೊತ್ತಿಗೆ ಉಸಿರು ಎಳೆಯಲಿಕ್ಕೂ ಇರುವುದಿಲ್ಲ."

"ಮೆಣಸು ಖಾರ ಹತ್ತಿದ್ದು ತಂಗೀ" ಎಂದಳು ಗೌರಕ್ಕ, ಸಣ್ಣ ದನಿಯಲ್ಲಿ.

"ಸಾಯುವವರಿಗೂ ಖಾರ ಹತ್ತುತ್ತದೆ ಗೌರಕ್ಕ."

ನಮಿತಾ 108ಕ್ಕೆ ಫೋನು ಮಾಡಿದಳು. ಆಂಬುಲೆನ್ಸ್ ದೂರದಲ್ಲಿತ್ತು, ಯಾವುದಾದರೂ ಗಾಡಿಯಲ್ಲಿ ಹೊರಡಿ, ಎದುರಿಗೆ ಬರುತ್ತೇವೆ ಎಂದರು. ರಸ್ತೆಯ ಅಂಗಡಿಗೆ ಸಾಮಾನು ತಂದಿದ್ದ ಯಲ್ಲಾಪುರದ ಶಫಿಯ ಗಾಡಿ ಅಲ್ಲೇ ನಿಂತಿತ್ತು. ವಿಷಯ ಕೇಳಿದ್ದೇ ಶಫಿ ಹಿಂದಿನ ಬಾಗಿಲು ತೆಗೆದು ಚೀಲಗಳನ್ನು ರಸ್ತೆಯ ಬದಿಗೆ ಎಸೆದ.

"ಸಾಮಾನು ಅಲ್ಲೇ ಬಿದ್ದಿರ್ಲಿ. ಅಕ್ಕನ್ನ ಹತ್ತಸ್ರಿ ಮೊದ್ಲು."

"ಹಾವನ್ನೂ ಚೀಲಕ್ಕೆ ಹಾಕ್ಲಾ? ಡಾಕ್ಟ್ರು ಕೇಳ್ತ್ರು" ಎಂದ ದರ್ಶನ.

"ಸತ್ತ ಹಾವೂ ಕಚ್ಚುತ್ತದೆ, ಮುಟ್ಟಬೇಡ. ನಿನ್ನ ಮೊಬೈಲಿನಲ್ಲಿ ಫೋಟೋ ಇದೆಯಲ್ಲ, ಸಾಕು. ಹತ್ತು."

ತನುಜಾಳನ್ನು ಮಗ್ಗುಲಿಗೆ ಮಲಗಿಸಿ, ನಮಿತಾ ಅವಳ ಎದೆಯ ಮೇಲೆ ಕಣ್ಣಿಟ್ಟೇ ಕೂತಳು. ಗಾಡಿ ಓಡುತ್ತಿತ್ತು. ದರ್ಶನ ಮತ್ತೆ ಶುರುಮಾಡಿದ.

"ಆದ್ರೂ ಅಕ್ಕ, ಪಟ್ಟೆ ಇತ್ತು."

"ಪಟ್ಟೆ ಎರಡಕ್ಕೂ ಇದೆ ದರ್ಶನ. ಎರಡಕ್ಕೂ ಇರುವುದು ಗುರುತು ಹೇಗಾಗುತ್ತದೆ? ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದ್ದನ್ನು ಹುಡುಕಬೇಕಲ್ಲವಾ? ಫೋಟೋ ದೊಡ್ಡದು ಮಾಡು. ಬೆನ್ನಿನ ನಡುವೆ ನೋಡು."

ದರ್ಶನ ಬೆರಳಿನಿಂದ ಚಿತ್ರ ಹಿಗ್ಗಿಸಿದ. ಬೆನ್ನಿನ ಉದ್ದಕ್ಕೂ, ಉಳಿದವಕ್ಕಿಂತ ದೊಡ್ಡದಾದ, ಆರು ಮೂಲೆಯ ಹುರುಪೆಗಳ ಒಂದು ಸಾಲು.

"ಅದು ಕಟ್ಟುಹಾವಿನದು. ತೋಳದ ಹಾವಿಗೆ ಆ ಸಾಲು ಇಲ್ಲ. ಅದಕ್ಕೆ ಪಟ್ಟೆ ಕುತ್ತಿಗೆ ಕಡೆ ದಪ್ಪ ಇದ್ದು ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿಗೆ ತಲೆ ಕಡೆ ಮಾಸಿ, ಬಾಲದ ಕಡೆ ಸ್ಪಷ್ಟ. ಮರಿಯಾದರೆ ಆ ಲೆಕ್ಕವೂ ತಪ್ಪುತ್ತದೆ. ಹಾವು ಅನ್ನುವುದು ದೊಡ್ಡ ಕುಲ. ಅದರೊಳಗೆ ಒಂದೊಂದು ಜಾತಿಗೆ ಒಂದೊಂದು ಲಕ್ಷಣ. ಕಲಿ, ನನ್ನ ತಕರಾರಿಲ್ಲ. ಆರಾಮ ಇದ್ದಾಗ ಕೂತು ಕಲಿ. ನಿನ್ನ ಅತ್ತಿಗೆಯ ಉಸಿರು ಹೋಗುವಾಗ ಅಲ್ಲ."

ದರ್ಶನ ಮೊಬೈಲ್ ಆರಿಸಿ ಜೇಬಿಗೆ ಹಾಕಿಕೊಂಡ. ತನುಜಾಳ ಉಸಿರಿನ ಸದ್ದು ನಡುನಡುವೆ ಬಿಟ್ಟು ಬಿಟ್ಟು ಕೇಳುತ್ತಿತ್ತು.

ಅರ್ಧ ದಾರಿಯಲ್ಲಿ ಆಂಬುಲೆನ್ಸ್ ಸಿಕ್ಕಿತು. ತಾಲೂಕು ಆಸ್ಪತ್ರೆಯಲ್ಲಿ ವಿಷ ಇಳಿಸುವ ಔಷಧ ಏರಿಸಿದರು. ಫೋಟೋಗಾಗಿ ವೈದ್ಯರು ಕಾಯಲಿಲ್ಲ. ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲ, ಈ ನಾಲ್ಕಕ್ಕೂ ಔಷಧ ಒಂದೇ. ಅಲ್ಲಿಂದ ಉಸಿರಾಟದ ಯಂತ್ರಕ್ಕಾಗಿ ಹುಬ್ಬಳ್ಳಿಗೆ ಕಳಿಸಿದರು. ನಾಲ್ಕು ದಿನ ಯಂತ್ರವೇ ಅವಳ ಬದಲು ಉಸಿರಾಡಿತು.

ಹತ್ತನೆಯ ದಿನ ತನುಜಾ ಮನೆಗೆ ಬಂದಳು. ನೆಂಟರು ಬಂದು ಹೋದರು. ಸಂಜೆ ಗೌರಕ್ಕ ಗಂಜಿ ತಂದಿಟ್ಟು, "ದೇವರು ದೊಡ್ಡವ, ನಿಂಗೆ ಎಂತದೂ ನೆನಪಿಲ್ದೇ ಇದ್ದದ್ದೇ ಒಳ್ಳೇದಾತು" ಎಂದಳು.

"ನೆನಪಿದ್ದು ಅತ್ತೆ."

ಮನೋಹರ ತಲೆ ಎತ್ತಿದ.

"ಎಂಗೆ ಎಲ್ಲಾ ಕೇಳ್ತಾ ಇತ್ತು. ಕಣ್ಣು ತೆಗೀಲೆ ಆಗ್ತಿತ್ತಿಲ್ಲೆ, ಬಾಯಿ ಬರ್ತಿತ್ತಿಲ್ಲೆ. ಕಿವಿ ಇತ್ತು. ಬೆಲ್ಟಿನ ಸುದ್ದಿಗೆ ನಗಾಡಿದ್ದು ಕೇಳ್ತು. ನಿದ್ದೆ ಅಂದದ್ದೂ ಕೇಳ್ತು. ಅಷ್ಟು ಹೊತ್ತೂ ನಿಂಗವೆಲ್ಲ ಹಾವಿನ ಹೆಸರನ್ನೇ ಹೇಳ್ತಾ ಇದ್ದಿದ್ರಿ. ನಮಿತಕ್ಕ ಬಪ್ಪವರೆಗೆ ಎನ್ನ ಹೆಸರು ಹಿಡಿದು ಒಬ್ರೂ ಕರದ್ದಿಲ್ಲೆ."

ಗಂಜಿ ಆರಿತು. ಮರುದಿನ ಮನೋಹರ, ಇನ್ನು ನೆಲದ ಮೇಲೆ ಮಲಗುವುದು ಬೇಡವೆಂದು, ಯಲ್ಲಾಪುರಕ್ಕೆ ಹೋಗಿ ಎರಡು ಮಂಚ, ಮೂರು ಸೊಳ್ಳೆಪರದೆ ತಂದ. ದರ್ಶನ 108 ಮತ್ತು ಆಸ್ಪತ್ರೆಯ ನಂಬರನ್ನು ದೊಡ್ಡದಾಗಿ ಬರೆದು ಜಗಲಿಯ ಗೋಡೆಗೆ ಅಂಟಿಸಿದ. ಮೆಣಸಿನ ಪರೀಕ್ಷೆ ಸುಳ್ಳೆಂದು ಗೌರಕ್ಕ ಈಗ ಊರಿನ ಮಹಿಳಾ ಸಂಘದ ಸಭೆಯಲ್ಲಿ ತಾನೇ ಎದ್ದು ಹೇಳುತ್ತಾಳೆ.

ಓದುವವರೇ, ಕೇಳುವವರೇ, ಇದು ನಿಮಗೆ. ಹಾವುಗಳ ಲಕ್ಷಣ ಕಲಿಯಿರಿ. ವಿಷವಿಲ್ಲದ ಹಾವನ್ನು ಸುಮ್ಮನೆ ಕೊಲ್ಲುವುದು ತಪ್ಪುತ್ತದೆ. ಆದರೆ ಕಚ್ಚಿದೆ ಎಂಬ ಸಂಶಯ ಬಂದ ಗಳಿಗೆಯಲ್ಲಿ ಆ ವಿದ್ಯೆಯನ್ನು ಬದಿಗಿಡಿ. ಬಾವಿಲ್ಲ, ನೋವಿಲ್ಲ ಎಂದು ಕೂರಬೇಡಿ. ಕಟ್ಟುಹಾವು ಕಚ್ಚಿದರೆ ಎರಡೂ ಇರದೆ ಹೋಗಬಹುದು. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಏನನ್ನೂ ಅಗಿಯಲು ಕೊಡಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಳ್ಳಿ. ಅವರ ಹತ್ತಿರವೇ ಕೂತು ಹೆಸರು ಹಿಡಿದು ಮಾತಾಡಿಸಿ, ಉತ್ತರ ಬಾರದಿದ್ದರೂ. ಹಾವು ಯಾವುದೆಂದು ಆಸ್ಪತ್ರೆ ಮುಟ್ಟಿದ ಮೇಲೆ ವಾದ ಮಾಡಿ. ಮೊದಲು ಗಾಡಿ ಹೊರಡಿಸಿ.