ಸಾಹೇಬರ ಜೊತೆ ಒಂದು ಸೆಟ್

ರಷ್ಯಾದ ತಮಾರಾ ಗ್ಲೆಬೊವಾ ಟೆನಿಸ್ ಬಿಟ್ಟ ವಿಡಿಯೊ ಇಂಡಿ ತಾಲ್ಲೂಕಿನ ಆಫೀಸರುಗಳ ಕ್ಲಬ್ಬಿಗೆ ಮುಟ್ಟಿದ್ದು ಶುಕ್ರವಾರ. ಜಗತ್ತಿನ ದೊಡ್ಡ ಟೂರ್ನಿಗಳನ್ನು ಗೆದ್ದವಳು, ಬೆನ್ನುನೋವಿನಿಂದ ಇಪ್ಪತ್ತೊಂಬತ್ತಕ್ಕೇ ರ‍್ಯಾಕೆಟ್ ಕೆಳಗಿಟ್ಟಳು. ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಕ್ಲಬ್ಬಿನ ಕಾರಕೂನ ಭೀಮು ಅದನ್ನು ಉಪವಿಭಾಗಾಧಿಕಾರಿ ಸಾಹೇಬರಿಗೆ ತೋರಿಸಿ, "ಇಕಿ ಮ್ಯಾಲ ನಮ್ಮ ಶಹಾಬುದ್ದೀನನ ಮಗಳು ಒಂದ್ ಸೆಟ್ ಗೆದ್ದಾಳ್ರಿ, ಪುಣೇದಾಗ" ಎಂದುಬಿಟ್ಟ.

ಸುಳ್ಳಲ್ಲ. ಹದಿನಾರನೇ ವಯಸ್ಸಿನಲ್ಲಿ, ಜೂನಿಯರ್ ಟೂರ್ನಿಯಲ್ಲಿ, ಮೆಹನಾಜ ಮೊದಲ ಸೆಟ್ ಗೆದ್ದಿದ್ದಳು. ಉಳಿದೆರಡು ಸೋತಳು. ಆಮೇಲೆ ಮೂರು ಸಲ ರಾಜ್ಯ ಚಾಂಪಿಯನ್. ಆಮೇಲೆ ಬಲ ಮೊಣಕಾಲಿಗೆ ಎರಡು ಆಪರೇಶನ್. ಅವಳು ನಿವೃತ್ತಿ ಘೋಷಿಸಲಿಲ್ಲ. ಟೂರ್ನಿಗಳಿಗೆ ಹೆಸರು ಕಳಿಸುವುದು ಬಿಟ್ಟಳು. ಯಾಕೆಂದು ಯಾರೂ ಕೇಳಲಿಲ್ಲ. ಎರಡು ವರ್ಷದಿಂದ ಮನೆಯಲ್ಲಿದ್ದಾಳೆ. ಕ್ರೀಡಾಂಗಣದ ಕೋಚ್ ಹುದ್ದೆಗೆ ಅವಳು ಹಾಕಿದ ಅರ್ಜಿ ಮೂರು ತಿಂಗಳಿಂದ ಇದೇ ಸಾಹೇಬರ ಮೇಜಿನ ಮೇಲಿದೆ.

"ಭಾನುವಾರ ಬೆಳಿಗ್ಗೆ ಅವಳ ಜೊತೆ ನಾನು ಆಡ್ತೀನಿ" ಎಂದರು ಮೈಸೂರು ಕಡೆಯ ಸಾಹೇಬರು. "ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಆಫೀಸರುಗಳಿಗೂ ಹೇಳು. ಬಂದು ನೋಡಲಿ."

ಶಹಾಬುದ್ದೀನ ಆ ಕ್ಲಬ್ಬಿನ ಮಾರ್ಕರ್. ಮಣ್ಣಿನ ಕೋರ್ಟಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವುದು ಅರ್ಧ ಕೆಲಸ. ಜೊತೆಗೆ ಆಡುವವರಿಲ್ಲದ ಸಾಹೇಬರ ಎದುರು ಆಡುವುದು ಉಳಿದರ್ಧ. ಮೂವತ್ತೊಂದು ವರ್ಷದಲ್ಲಿ ಬಂದುಹೋದ ಯಾವ ಸಾಹೇಬರ ಮೇಲೂ ಅವನು ಒಂದು ಸೆಟ್ ಗೆದ್ದಿರಲಿಲ್ಲ.

ಶನಿವಾರ ಸಂಜೆ ಮಗಳನ್ನು ಕೋರ್ಟಿಗೆ ಕರೆತಂದು ಸೋಲುವುದನ್ನು ಕಲಿಸಿದ.

"ಹೊರಗ ಹೊಡೀಬ್ಯಾಡ. ಬೇಕಂತ ಹೊಡದಂಗ ಕಾಣತೈತಿ. ನೆಟ್ಟಿನ ಮ್ಯಾಲಿನ ಪಟ್ಟಿಗಿ ಬಡೀಬೇಕು. ಇಷ್ಟಕ್ಕ ತಪ್ಪಿತು ಅನ್ನಂಗ."

"ಎಷ್ಟಕ್ಕ ಸೋಲ್ಲಿ?"

"ಆರು-ನಾಕು. ಆರು-ಒಂದು ಮಾಡಿದ್ರ ಇಂಥಾಕಿನ್ನ ಕೋಚ್ ಯಾಕ ಮಾಡೂದು ಅಂತಾರ. ನಡುವ ಒಂದೆರಡು ಚಲೋ ಹೊಡಿ. ಹೊಡದು ಅವರ ಮಾರಿ ನೋಡಬ್ಯಾಡ."

"ನನಗಿದು ಬರಂಗಿಲ್ಲ ಅಬ್ಬಾ."

"ಹದಿನೈದು ವರ್ಷ ಗೆಲ್ಲೂದು ಕಲ್ತಿ. ಇದಕ್ಕ ಒಂದ್ ತಾಸು ಸಾಕು."

ಮರುದಿನ ಮನೆ ಬಿಡುವಾಗ ತಾಯಿ ಶಮ್ಶುನ್ನೀಸಾ ಬೂಟು ತಂದಿಟ್ಟು, "ಸೋತು ಬರಾಕ ಇಷ್ಟು ತಯಾರಿನಽ?" ಎಂದಳು.

ಏಳರ ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಕುರ್ಚಿಗಳು ತುಂಬಿದ್ದವು. ಭೀಮು ಲಿಂಬೆ ಶರಬತ್ತು ಹಂಚುತ್ತಿದ್ದ. ಸಾಹೇಬರು ಕಾಲೇಜಿನಲ್ಲಿ ಆಡಿದವರು, ಈಗಲೂ ದಿನಾ ಆಡುವವರು. ಮೆಹನಾಜ ಅಪ್ಪ ಹೇಳಿದಂತೆಯೇ ಆಡಿದಳು. ಚೆಂಡು ಪಟ್ಟಿಗೆ ಬಡಿದು ಬಿದ್ದಾಗಲೆಲ್ಲ ಕುರ್ಚಿಗಳಿಂದ "ಅಯ್ಯಯ್ಯ" ಎಂದರು. ಸಾಹೇಬರು ನಾಲ್ಕು, ಅವಳು ಮೂರು.

ಬದಿ ಬದಲಿಸುವಾಗ ಸಾಹೇಬರು ಎಲ್ಲರಿಗೂ ಕೇಳುವ ಹಾಗೆ, "ಏನಮ್ಮ, ಆ ರಷ್ಯಾದವಳಿಗೆ ಅವತ್ತು ಜ್ವರ ಬಂದಿತ್ತಾ?" ಎಂದರು.

ಎಲ್ಲರೂ ನಕ್ಕರು. ಭೀಮು ಎಲ್ಲರಿಗಿಂತ ಜೋರಾಗಿ ನಕ್ಕ. ಅಬ್ಬಾನೂ ನಕ್ಕ.

ಹುದ್ದೆ ಹೋದರೆ ಹೋಗಲಿ ಎಂದುಕೊಂಡಳು ಮೆಹನಾಜ. ಮುಂದಿನ ಗೇಮಿನಲ್ಲಿ ಸಾಹೇಬರಿಗೆ ಒಂದು ಪಾಯಿಂಟೂ ಕೊಡಲಿಲ್ಲ. ನಾಲ್ಕು-ನಾಲ್ಕು. ಗೆರೆಯ ಪಕ್ಕ ನಿಂತ ಶಹಾಬುದ್ದೀನ ಮಗಳನ್ನು ಎಚ್ಚರಿಸುವಂತೆ ಕಣ್ಣು ಕಿಸಿದ.

ಆಗ ಸಾಹೇಬರು ಚೆಂಡನ್ನು ನೆಟ್ಟಿನ ಹತ್ತಿರವೇ ಮೆತ್ತಗೆ ಬೀಳಿಸಿದರು. ಅವಳು ಓಡಿದಳು. ನೋವೇನೂ ಆಗಲಿಲ್ಲ, ಕಾಲು ಬರಲಿಲ್ಲ, ಅಷ್ಟೇ. ಒಂದು ಹೆಜ್ಜೆ ತಡವಾಯಿತು. ಸಾಹೇಬರು ಮತ್ತೆ ಅಲ್ಲೇ ಬೀಳಿಸಿದರು. ಮತ್ತೆ ತಡ. ಐದು-ನಾಲ್ಕು. ಕೊನೆಯ ಗೇಮಿನಲ್ಲಿ ಅವಳ ಎರಡು ಸರ್ವ್ ದಾರಿ ತಪ್ಪಿದವು. ಕೊನೆಯ ಹೊಡೆತವನ್ನು ಮೂಲೆಯ ಗೆರೆಗೆ ಗುರಿಯಿಟ್ಟು, ಇದ್ದ ಶಕ್ತಿಯೆಲ್ಲ ಹಾಕಿ ಹೊಡೆದಳು. ಅದು ಪಟ್ಟಿಗೆ ಬಡಿದು ಅವಳ ಕಡೆಗೇ ಬಿತ್ತು. ಆರು-ನಾಲ್ಕು.

"ಚೆನ್ನಾಗಿ ಆಡಿದೆ" ಎಂದು ಸಾಹೇಬರು ಕೈ ಕೊಟ್ಟರು. "ನಾಳೆ ನಿನ್ನ ಫೈಲಿಗೆ ಸಹಿ ಹಾಕ್ತೀನಿ."

ಜೀಪುಗಳು ಹೋದ ಮೇಲೆ ಶಹಾಬುದ್ದೀನ ನೆಟ್ಟಿನ ಹಗ್ಗ ಬಿಚ್ಚುತ್ತ, "ಎಂಥಾದ್ ಸೋತಿ ನನ್ನವ್ವಾ! ಕಡೀ ಎರಡು ಗೇಮು ಖರೇನ ಸೋತಂಗ ಇತ್ತು. ನನಗೂ ಅಷ್ಟು ಚಂದ ಬರಂಗಿಲ್ಲ" ಎಂದ.

"ಖರೇನ ಸೋತೆ ಅಬ್ಬಾ. ಗೆಲ್ಲಾಕ ಹೋಗಿದ್ದೆ."

ಅವನ ಕೈ ನಿಂತಿತು. ಮಗಳ ಮುಖ ನೋಡುವ ಮೊದಲು ಗೇಟಿನ ಕಡೆ ನೋಡಿದ.

"ಯಾರ ಮುಂದೂ ಅನಬ್ಯಾಡ. ಕಾಲು ಹೋಗೈತಿ ಅಂತ ಗೊತ್ತಾದ್ರ ಫೈಲು ಅಲ್ಲೇ ಕುಂದರ್ತೈತಿ. ಕೇಳಿದ್ರ ಬೇಕಂತ ಬಿಟ್ಟೆ ಅನ್ನು."

ಖಾಲಿ ಗ್ಲಾಸುಗಳ ತಾಟು ಹಿಡಿದು ಭೀಮು ಬಂದ. ದನಿ ಇಳಿಸಿ, "ಏನವಾ ತಂಗಿ, ಸಾಹೇಬ್ರನ್ನ ಭಾರಿ ಕುಣಿಸಿದಿ. ಬೇಕಂತ ಬಿಟ್ಟುಕೊಟ್ಟಿ, ಹೌದಿಲ್ಲೊ?" ಎಂದು ಕಣ್ಣು ಹೊಡೆದ.

ಮೆಹನಾಜ ಎಡಗಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು.

"ಹೌದ್ರಿ ಕಾಕಾ" ಎಂದಳು.