‘ಇರಲಿ’ ಎಂದು ಬರೆದ ಸಾಲು

ಗದಗಿನ ಸಣ್ಣ ಕಚೇರಿಯೊಂದು ಗ್ರಂಥಾಲಯಗಳಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಪ್ರತಿ ತಿದ್ದುಪಡಿಯಾದಾಗಲೂ ಬಗೆಬಗೆಯ ಕಂಪ್ಯೂಟರಿಗೂ ಮೊಬೈಲಿಗೂ ಅದನ್ನು ತಾನಾಗಿ ಸಿದ್ಧಪಡಿಸುವ ಬಿಲ್ಡ್ ಸ್ಕ್ರಿಪ್ಟು ವರ್ಷಗಳಿಂದ ಬೆಳೆದು ಗೋಜಲಾಗಿತ್ತು. ಅದನ್ನು ಸರಳಗೊಳಿಸುವ ಕೆಲಸ ಮೆಹನಾಜಳ ಪಾಲಿಗೆ ಬಂತು. ಸ್ಕ್ರಿಪ್ಟಿನ ಒಂದು ಸಾಲಿನ ಪಕ್ಕದಲ್ಲಿ ಹಿರಿಯ ಸಹೋದ್ಯೋಗಿ ವಿಜಯೀಂದ್ರರು ‘ಇರಲಿ’ ಎಂದಷ್ಟೇ ಬರೆದಿದ್ದರು.

“ಅಳಸಾಕ ಬ್ಯಾಸರಾಗಿ ‘ಇರಲಿ’ ಅಂದಾರ ನೋಡ್ರಿ, ಆಲಸಿ ಸರ್ರು,” ಎಂದು ಅವರಿಲ್ಲದಾಗ ಎಲ್ಲರನ್ನೂ ನಗಿಸಿ ಅವಳು ಆ ಸಾಲನ್ನು ತೆಗೆದಳು.

ವಾರದ ಮೇಲೆ ಮುಂಡರಗಿಯ ಗ್ರಂಥಾಲಯದಿಂದ ಗ್ರಂಥಪಾಲಕಿ ಮಾಸುಮಬಿ ಮೆಹನಾಜಳಿಗೆ ಫೋನ್ ಮಾಡಿದರು. “ನೀವು ಕಳಿಸಿದ ಹೊಸಾ ಸಾಫ್ಟ್‌ವೇರ್ ನಮ್ಮ ಹಳೀ ಕಂಪ್ಯೂಟರಿನ್ಯಾಗ ಚಾಲೂನ ಆಗ್ಲಿಲ್ಲವಾ. ನಿಮ್ಮ ಸರ್ ನಿನ್ನಿ ಬಸ್ಸಿನ್ಯಾಗ ಬಂದು ಸರಿಮಾಡಿ ಹೋದ್ರು. ತಪ್ಪು ನಂದ ಐತ್ರಿ ಅಂದ್ರು, ಪಾಪ. ಮನಿ ಮುಟ್ಟಿದ್ರೇನು, ಕೇಳಬೇಕಿತ್ತು.”

ತಾನು ತೆಗೆದ ಸಾಲು ಆ ಹಳೆ ಕಂಪ್ಯೂಟರಿಗಾಗಿಯೇ ಇತ್ತೆಂದು ಮೆಹನಾಜಳಿಗೆ ಹೊಳೆಯಿತು. ವಿಜಯೀಂದ್ರರ ಮೇಜಿನ ಬಳಿ ಹೋಗಿ ತಲೆ ತಗ್ಗಿಸಿದಳು. “ಆ ಸಾಲು ತಗದಾಕಿ ನಾನ್ರಿ ಸರ್. ನಿಮಗ ಆಲಸಿ ಅಂತನೂ ಅಂದೇನ್ರಿ.”

“ಕೇಳೇನವಾ. ಯಾಕ ಇರಬೇಕಂತ ಬರೀಲಿಲ್ಲಲ್ಲ, ಆಲಸಿನ ನಾನು. ಇರಲಿ,” ಎಂದು ಅವರು ತಮ್ಮ ಚಹಾದಲ್ಲಿ ಅರ್ಧ ಅವಳಿಗೆ ಬಸಿದರು.

ಅವಳು ಸಾಲನ್ನು ಮರಳಿ ಸೇರಿಸಿ ಪಕ್ಕದಲ್ಲಿ ಬರೆದಳು: ‘ಮುಂಡರಗಿಯ ಹಳೆ ಕಂಪ್ಯೂಟರಿಗೆ ಬೇಕು. ತಿಳಿಯದೆ ತೆಗೆದವಳು ಮೆಹನಾಜ.’