ಮೇಣದ ಮೂಗು

ತಾನು ಮಾಡಿದ ಹಲ್ಲು ಯಾರ ಬಾಯಲ್ಲಿದ್ದರೂ ಹಲ್ಲುಮೇಸ್ತ್ರಿಗೆ ಗುರುತು ಸಿಗುತ್ತಿತ್ತು. ಬಸ್ಸಿನಲ್ಲಿ ಎದುರು ಸೀಟಿನ ಮುದುಕಿ ಆಕಳಿಸಿದರೆ ಸಾಕು, ಇದು ನನ್ನದೇ, ಕೆಳಗಿನ ಸಾಲು ಒಂದೆಳೆ ಎಡಕ್ಕೆ ಹೋಗಿದೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ. ಜೀವಮಾನವೆಲ್ಲ ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ ಕೂತು, ಗುಲಾಬಿ ಮೇಣ ಕೆತ್ತಿ ಹಲ್ಲಿನ ಸೆಟ್ಟು ಮಾಡಿದವನು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬೀದಿಗೆಲ್ಲ ಅವನು ಹಲ್ಲುಮೇಸ್ತ್ರಿ, ಅಕ್ಕನಿಗೆ ಮಾತ್ರ ಪುಟ್ಟ. ಅರವತ್ತು ದಾಟಿ, ತಲೆ ಬೋಳಾದ ಪುಟ್ಟ!

ಮದುವೆಗಿದುವೆ ಎಂದು ತಲೆ ಕೆಡಿಸಿಕೊಂಡವನಲ್ಲ. ಅಕ್ಕನ ಮನೆಯ ಮಹಡಿಯಲ್ಲಿ ಒಂದು ಕೋಣೆ, ಕೆಳಗೆ ಅಕ್ಕನ ಕೈಯ ಊಟ, ಜೊತೆಗೆ ಜಗಳವಾಡಲು ಭಾವ. ಇನ್ನೇನು ಬೇಕು? ಭಾವ ಸವೆದ ಟೈರಿಗೆ ಹೊಸ ರಬ್ಬರು ಹಾಕುವ ಅಂಗಡಿ ಇಟ್ಟಿದ್ದವರು, ಈಗ ಬಿಟ್ಟಿದ್ದರು. ಇಬ್ಬರಿಗೂ ಒಂದೇ ಹುಚ್ಚು, ಮೇಜಿನ ಮೇಲಿಡುವಷ್ಟು ಚಿಕ್ಕ ಮಾದರಿ ವಿಮಾನ ಕಟ್ಟುವುದು. ಡಬ್ಬಿಯಲ್ಲಿ ಬರುವ ತುಂಡುಗಳನ್ನು ಅಂಟಿಸಿ ಮೀಸೆ ತಿರುವುವವರನ್ನು ಕಂಡರೆ ಮೇಸ್ತ್ರಿಗೆ ಆಗುತ್ತಿರಲಿಲ್ಲ. 'ಅದು ಮಾಡೋದಲ್ಲ, ಜೋಡಿಸೋದು' ಎನ್ನುತ್ತಿದ್ದ. ಅವನು ಕಟ್ಟುತ್ತಿದ್ದದ್ದು ಯಾವ ಡಬ್ಬಿಯಲ್ಲೂ ಸಿಗದ ವಿಮಾನಗಳನ್ನು. ರೆಕ್ಕೆ ಪ್ಲಾಸ್ಟಿಕ್ ಹಾಳೆಯಿಂದ, ಚಕ್ರದ ಕಾಲು ತಂತಿಯಿಂದ. ಉಬ್ಬು ತಗ್ಗಿನ ಭಾಗಗಳಿಗೆ ಮಾತ್ರ ತನ್ನ ಹಳೆಯ ಗುಲಾಬಿ ಮೇಣ.

ಕೆತ್ತುವುದು ಇವನ ಕೆಲಸ, ಎರಕ ಹೊಯ್ಯುವುದು ಭಾವನ ಕೆಲಸ. ಮೇಣ ಮೆತ್ತಗೆ, ಬಿಸಿಲು ತಾಗಿದರೆ ಸೊಟ್ಟಗಾಗುತ್ತದೆ, ಬಣ್ಣ ಹಿಡಿಯುವುದಿಲ್ಲ. ಅದಕ್ಕೇ ಅದರ ಅಚ್ಚು ತೆಗೆದು, ಒಣಗಿದರೆ ಕಲ್ಲಾಗುವ ರೆಸಿನ್ ಸುರಿಯಬೇಕು. ಭಾವ ಹಿತ್ತಲಿನ ಶೆಡ್ಡಿನಲ್ಲಿ ಆಟದ ಇಟ್ಟಿಗೆಗಳ ಪೆಟ್ಟಿಗೆ ಕಟ್ಟಿ, ಮೇಣವನ್ನು ಅರ್ಧದವರೆಗೆ ಜೇಡಿಯಲ್ಲಿ ಹೂತು, ಮೇಲೆ ಸಿಲಿಕೋನ್ ರಬ್ಬರು ಸುರಿಯುತ್ತಿದ್ದರು. ಅದು ಗಟ್ಟಿಯಾದ ಮೇಲೆ ಬೋರಲು ಹಾಕಿ, ಜೇಡಿ ಕಿತ್ತು, ಇನ್ನರ್ಧಕ್ಕೂ ರಬ್ಬರು. ಆದರೆ ಎರಡನೆಯದನ್ನು ಸುರಿಯುವ ಮುಂಚೆ ಮೊದಲಿನ ರಬ್ಬರಿಗೆ ವ್ಯಾಸಲೀನು ಸವರಲೇಬೇಕು. ಮರೆತರೋ, ಎರಡೂ ಅರ್ಧ ಕಚ್ಚಿಕೊಂಡು ಒಂದೇ ಮುದ್ದೆ. ಕತ್ತರಿಸಿ ತೆಗೆಯುವಷ್ಟರಲ್ಲಿ ಒಳಗಿನ ಮೇಣ ಪುಡಿಪುಡಿ.

ಹೀಗಿರುವಾಗ ಮೇಸ್ತ್ರಿಯ ಬಲಗೈ ನಡುಗಲು ಶುರುವಾಯಿತು. ಮೊದಲು ಲೋಟ ಅಲುಗಿತು, ಆಮೇಲೆ ಸಹಿ ಹಾವಿನಂತೆ ಹರಿದಾಡಿತು. ಇದು ನಿಲ್ಲುವ ನಡುಕವಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂದು ವೈದ್ಯರು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರು. ಮೇಸ್ತ್ರಿ ಮನೆಗೆ ಬಂದವನೇ, 'ಕೈ ಪೂರ್ತಿ ಹೋಗೋದರೊಳಗೆ ನಿನ್ನ ವಿಮಾನ ಮಾಡಿ ಮುಗಿಸ್ತೀನಿ ಅಕ್ಕ' ಎಂದ.

ಅಕ್ಕನ ವಿಮಾನ ಎಂದರೆ ಫ್ಲೈಯಿಂಗ್ ಕ್ಲಬ್ಬಿನ ಹಳದಿ ತರಬೇತಿ ವಿಮಾನ. ಅಪ್ಪ ಅಲ್ಲಿ ಮೆಕ್ಯಾನಿಕ್ಕಾಗಿದ್ದರು. ಕೆಲಸಗಾರರ ಮಕ್ಕಳಿಗೆ ಎಂದಿಟ್ಟಿದ್ದ ಒಂದೇ ಜಾಗ ಅಕ್ಕನಿಗೆ ಸಿಕ್ಕಿತ್ತು. ಹತ್ತೊಂಬತ್ತು ವರ್ಷದ ಹುಡುಗಿ, ಆಕಾಶದಲ್ಲಿ! ಆಮೇಲೊಂದು ದಿನ ಇಳಿಯುವಾಗ ವಿಮಾನ ನೆಲಕ್ಕೆ ಧೊಪ್ಪೆಂದು ಬಡಿದು, ಅವಳು ಹೆದರಿ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಅದು. 'ನಮ್ಮಕ್ಕ ಹತ್ತೋದು ಕಲಿತಳು, ಇಳಿಯೋದು ಕಲಿಯಲಿಲ್ಲ' ಎಂದು ಮೇಸ್ತ್ರಿ ಬಂದ ನೆಂಟರ ಮುಂದೆಲ್ಲ ನಗೆಯಾಡುತ್ತಿದ್ದ. ಅಕ್ಕನೂ ನಗುತ್ತಿದ್ದಳು. ವಿಮಾನ ಮಾಡುತ್ತೇನೆ ಎಂದಾಗಲೂ ನಕ್ಕು, 'ಮಾಡೋ ಮಾರಾಯ, ಮಾಡು' ಎಂದಿದ್ದಳು.

ರೆಕ್ಕೆ, ಬಾಲ, ಮೈ ಎಲ್ಲ ಆದವು. ಉಳಿದದ್ದು ಮೂಗು, ಎಂಜಿನ್ನಿನ ಮೇಲಿನ ಮುಚ್ಚಳ. ಹಾಳಾದ್ದು, ಅದರಲ್ಲಿ ಒಂದು ಗೆರೆಯೂ ನೇರವಿಲ್ಲ. ಮುಂದೆ ದುಂಡಗೆ ಶುರುವಾಗಿ, ಗಲ್ಲದ ಹಾಗೆ ಕೆಳಗಿಳಿದು, ಎರಡೂ ಕಡೆ ಗಾಳಿ ಎಳೆಯುವ ಕಿಂಡಿಗಳಲ್ಲಿ ಒಳಕ್ಕೆ ಮಡಿಚಿಕೊಳ್ಳುತ್ತದೆ. ಕೈ ಚೆನ್ನಾಗಿದ್ದ ದಿನ ಕೆತ್ತಿ, ಕೆಟ್ಟ ದಿನ ಸುಮ್ಮನೆ ಕೂತು, ಅಪ್ಪ ತೆಗೆಸಿದ್ದ ಆ ವಿಮಾನದ ಎರಡು ಫೋಟೋ ನೋಡಿ ನೋಡಿ ಕಣ್ಣು ಕೆಡಿಸಿಕೊಂಡು, ಒಂದು ವರ್ಷದ ಮೇಲೆ ಮೂಗು ಮುಗಿಯಿತು. ಅದರಷ್ಟು ಒಳ್ಳೆಯದನ್ನು ಅವನು ಹಿಂದೆಂದೂ ಕೆತ್ತಿರಲಿಲ್ಲ. ಅದು ಅವನಿಗೇ ಗೊತ್ತಿತ್ತು. ಹಸುಗೂಸನ್ನು ಒಪ್ಪಿಸುವಂತೆ ಎರಡೂ ಕೈಯಲ್ಲಿ ಭಾವನಿಗೆ ಒಪ್ಪಿಸಿದ.

ಎರಡು ದಿನ ಬಿಟ್ಟು ಭಾವ ಮೆಟ್ಟಿಲು ಹತ್ತಿ ಬಂದರು. ಕೂರಲಿಲ್ಲ. ಗೋಡೆ ನೋಡಿಕೊಂಡು ಹೇಳಿದರು.

'ವ್ಯಾಸಲೀನು ಮರೆತುಬಿಟ್ಟೆ ಕಣಯ್ಯ. ಕಚ್ಕೊಂಡುಬಿಡ್ತು. ಕತ್ತರಿಸಿದೆ... ಮೂಗು ಉಳೀಲಿಲ್ಲ.'

ಮೇಸ್ತ್ರಿ ಎದುರಿಗಿದ್ದ ಮುಖ ನೋಡಿ, ತನ್ನ ಸಂಕಟ ನುಂಗಿಕೊಂಡು, 'ಹೋಗ್ಲಿ ಬಿಡಿ ಭಾವ. ನಾನೂ ಎಷ್ಟು ಹಲ್ಲು ಸುಟ್ಟಿಲ್ಲ? ವಯಸ್ಸಾಯ್ತಲ್ಲ ಇಬ್ಬರಿಗೂ' ಎಂದ. ಅಲ್ಲಾ, ಮೂಗು ಕಳೆದುಕೊಂಡವನೇ ಕಳೆದವನಿಗೆ ಸಮಾಧಾನ ಹೇಳಿದ! ಜೀವಮಾನವಿಡೀ ರಬ್ಬರಿನಲ್ಲೇ ಕೈಯಾಡಿಸಿದ ಮನುಷ್ಯ ವ್ಯಾಸಲೀನು ಮರೆಯುವುದೆಂದರೇನು ಎಂಬ ಪ್ರಶ್ನೆ ಅವನಿಗೆ ಹುಟ್ಟಲೇ ಇಲ್ಲ. ನಂಬಿಕೆ ಅಂದರೆ ಅದೇ ತಾನೆ, ಪ್ರಶ್ನೆ ಹುಟ್ಟದೇ ಇರುವುದು.

ಮತ್ತೆ ಹೊಸ ಮೇಣ ಹಿಡಿದ. ಈಗ ಕೈ ಇನ್ನೂ ಕೆಟ್ಟಿತ್ತು. ಅದಕ್ಕೊಂದು ಉಪಾಯ ಹೂಡಿದ. ಹಳೆಯ ಸೊಂಟದ ಬೆಲ್ಟಿನಿಂದ ಬಲಗೈ ಮಣಿಕಟ್ಟನ್ನು ಮೇಜಿನ ಅಂಚಿಗೆ ಬಿಗಿಯಾಗಿ ಕಟ್ಟಿಸಿಕೊಂಡು, ಚಾಕುವನ್ನು ಅಲ್ಲಾಡದಂತೆ ಹಿಡಿದು, ಎಡಗೈಯಿಂದ ಮೇಣವನ್ನೇ ಚಾಕುವಿಗೆ ತಂದು ತಾಗಿಸುವುದು. ಚಾಕು ನಿಂತಲ್ಲೇ ನಿಂತಿರುತ್ತದೆ, ಮೂಗು ತಿರುಗುತ್ತದೆ. ಒಂದು ಎಳೆ ತೆಗೆಯಲು ಇಡೀ ಬೆಳಗು ಬೇಕು. ತನ್ನ ಕೈಗೆ ತಾನೇ ಬೆಲ್ಟು ಕಟ್ಟಿಕೊಳ್ಳಲಾಗದು. ಅಕ್ಕ ಬಂದು ಕಟ್ಟುತ್ತಿದ್ದಳು. ದಿನಾ ಬೆಳಗ್ಗೆ ಎರಡು ಲೋಟ ಕಾಫಿ ತಂದು, ಬೆಲ್ಟು ಬಿಗಿದು, ಮಂಚದ ಮೇಲೆ ಬಟಾಣಿ ಸುಲಿಯುತ್ತ ಕೂರುತ್ತಿದ್ದಳು. 'ನಿಧಾನಕ್ಕೆ ಮಾಡೋ, ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ?' ಎನ್ನುತ್ತಿದ್ದಳು. ಮಣಿಕಟ್ಟಿನ ಚರ್ಮ ಕಪ್ಪಗಾಯಿತು. ಅಕ್ಕ ಮುಲಾಮು ಹಚ್ಚಿದಳು. ಮರುದಿನ ಮತ್ತೆ ಬೆಲ್ಟು ಕಟ್ಟಿದಳು.

ಎರಡನೆಯ ಮೂಗು ಮುಗಿದದ್ದು ಪ್ರದರ್ಶನದ ದಿನ ಬೆಳಗ್ಗೆ. ಮೊದಲನೆಯದರ ಮುಂದೆ ಇದು ಏನೂ ಅಲ್ಲ, ಬಲಗಡೆಯ ಕಿಂಡಿ ಸ್ವಲ್ಪ ಕೆಳಗೆ ಜೋತು ಅತ್ತಂತಿತ್ತು. ಆದರೂ ಮೂಗು ಮೂಗೇ. ತಗಡಿನ ಡಬ್ಬಿಯಲ್ಲಿ ಹತ್ತಿ ಹಾಸಿ ಅದನ್ನಿಟ್ಟುಕೊಂಡು, ಭಾವನಿಗೆ ಅಲ್ಲೇ ತೋರಿಸೋಣವೆಂದು ಮೇಸ್ತ್ರಿ ಹೊರಟ. ವಿಮಾನ ಕಟ್ಟುವವರ ಸಂಘ ಶಾಲೆಯೊಂದರ ಹಾಲಿನಲ್ಲಿ ಮೇಜು ಸಾಲಾಗಿ ಹಾಕಿತ್ತು. ಭಾವ ಮೊದಲೇ ಹೋಗಿದ್ದರು. ಈ ವರ್ಷ ಅವರು ತೀರ್ಪುಗಾರರು, ಎದೆಯ ಮೇಲೆ ಅಂಗೈ ಅಗಲದ ಬ್ಯಾಡ್ಜು.

ತೀರ್ಪುಗಾರರನ್ನು ಆರಿಸುವ ಸಂಘದ ಅಧ್ಯಕ್ಷ ಕನ್ನಡಕದ ಅಂಗಡಿಯವನು. ಅವನ ಮೇಜಿನ ಮುಂದೆ ಮೇಸ್ತ್ರಿಯ ಕಾಲು ನಿಂತುಬಿಟ್ಟಿತು. ಅಲ್ಲೊಂದು ಹಳದಿ ವಿಮಾನ. ಅಕ್ಕನ ವಿಮಾನ. ರೆಕ್ಕೆ ಸೊಟ್ಟ, ಬಣ್ಣ ದಪ್ಪ, ಕಿಟಕಿಯ ತುಂಬ ಅಂಟು. ಆದರೆ ಮೂಗು! ಆ ಗಲ್ಲ, ಕಿಂಡಿಯ ಬಳಿ ಒಳಕ್ಕೆ ಮಡಿಚಿಕೊಂಡ ಆ ಅಂಚು. ಹಲ್ಲಿನ ಬುಡದಲ್ಲಿ ಒಸಡನ್ನು ತಿರುಗಿಸುವಾಗ ಅವನ ಚಾಕು ಕೊನೆಗೊಂದು ಸಣ್ಣ ಕೊಕ್ಕೆ ಹಾಕುತ್ತಿತ್ತು. ನಲವತ್ತು ವರ್ಷದ ಚಾಳಿ. ಆ ಕೊಕ್ಕೆ ಹಳದಿ ಬಣ್ಣದ ಕೆಳಗೆ ಹಾಗೇ ಇತ್ತು. ಊರ ಬಾಯಿಗಳಲ್ಲಿ ತನ್ನ ಹಲ್ಲು ಗುರುತಿಸಿದವನಿಗೆ ತನ್ನ ಮೂಗು ಗೊತ್ತಾಗುವುದಿಲ್ಲವೇ?

'ಈ ಮೂಗು ಎಲ್ಲಿಂದ ಬಂತು ಸಾರ್?' ಎಂದು ಕೇಳಿದ.

ಕನ್ನಡಕದವನು ಅಮಾಯಕನಂತೆ ಅರಳಿದ. 'ನಿಮ್ಮ ಭಾವನೇ ಎರಕ ಹೊಯ್ದು ಕೊಟ್ಟಿದ್ದು! ನಾನು ವರ್ಷಗಟ್ಟಲೆ ಒದ್ದಾಡ್ತಿದ್ದೆ ಇದೊಂದಕ್ಕೆ. ನಿಮಗೆ ಬೇಡವಂತಲ್ಲ, ಹಾಗಂದ್ರು ಅವರು.'

ಮೇಸ್ತ್ರಿಯ ಮೈ ಉರಿದುಹೋಯಿತು. ಬ್ಯಾಡ್ಜು ಕಣ್ಣಿಗೆ ಹೊಡೆಯಿತು. ಓಹೋ, ಹೀಗೋ! ಒಂದು ಬ್ಯಾಡ್ಜಿಗೆ ನನ್ನ ಮೂಗು ಕೊಯ್ದರಾ? ಜನ ನೋಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಹೋಗಿ ಭಾವನ ತೋಳು ಹಿಡಿದ.

'ವ್ಯಾಸಲೀನು ಮರೆತ್ರಾ ಭಾವ? ಅಧ್ಯಕ್ಷರ ಮೂಗಿಗೆ ಮಾತ್ರ ಜ್ಞಾಪಕ ಬಂತಾ?'

ಭಾವನ ಮುಖ ಬಿಳಿಚಿಕೊಂಡಿತು. ಸುತ್ತ ನೋಡಿ, ಮೆತ್ತಗೆ, 'ಇಲ್ಲಿ ಬೇಡ ಕಣಯ್ಯ' ಎಂದರು.

'ಯಾಕೆ ಬೇಡ? ತೀರ್ಪುಗಾರರಲ್ವಾ ನೀವು, ತೀರ್ಪು ಹೇಳಿ! ಉಂಡ ಮನೆಗೆ ಎರಡು ಬಗೆಯೋರ ಕಥೆ ಕೇಳಿದ್ದೆ. ಉಣ್ಣಿಸೋ ಮನೆಯೇ ಎರಡು ಬಗೆದ್ರೆ ನಾನು ಯಾರ ಹತ್ರ ಹೋಗಿ ಹೇಳ್ಲಿ?'

'ನಂಗೆ ಒಡೆಯೋಕೆ ಮನಸ್ಸು ಬರಲಿಲ್ಲ' ಎಂದರು ಭಾವ. 'ಅಂಥ ಕೆಲಸ ಅದು. ಅದಕ್ಕೇ ಅಚ್ಚು ತೆಗೆದು ಕೊಟ್ಟೆ. ಬ್ಯಾಡ್ಜಿಗಲ್ಲ. ಮನೆಯೊಳಗೆ ಇಡಬೇಡಿ ಅಂದೋರು ಬೇರೆ. ಹೋಗಿ ನಿನ್ನ ಅಕ್ಕನ್ನ ಕೇಳು.'

ಮೇಸ್ತ್ರಿ ನಂಬಲಿಲ್ಲ. ಸಿಕ್ಕಿಬಿದ್ದ ಗಂಡ ಹೆಂಡತಿಯ ಸೆರಗಿನ ಹಿಂದೆ ಅಡಗಿದ ಎಂದುಕೊಂಡ. ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಕ ಹೇಗೆ ಕೆಂಡವಾಗುತ್ತಾಳೆ, ಭಾವನಿಗೆ ಹೇಗೆ ಗ್ರಹಚಾರ ಬಿಡಿಸುತ್ತಾಳೆ ಎಂದೇ ಲೆಕ್ಕ ಹಾಕುತ್ತ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದ.

ಅಕ್ಕ ಒಲೆ ಆರಿಸಿದಳು. ಕೈ ಒರೆಸಿಕೊಂಡಳು.

'ನಾನೇ ಹೇಳಿದ್ದು, ಯಾರಿಗಾದ್ರೂ ಕೊಟ್ಟುಬಿಡಿ ಅಂತ. ವ್ಯಾಸಲೀನಿನ ಮಾತೂ ನಾನೇ ಹೇಳಿಕೊಟ್ಟಿದ್ದು. ಅವರಿಗೆ ಸುಳ್ಳು ಹೇಳೋಕೆ ಎಲ್ಲಿ ಬರುತ್ತೆ?'

ಮೇಸ್ತ್ರಿ ಬಲಗೈಯ ಮಣಿಕಟ್ಟನ್ನು ಅವಳ ಮುಂದೆ ಚಾಚಿದ.

'ಕೊಟ್ಟೆ, ಹೋಗ್ಲಿ. ಅದು ನಿಂದೇ, ಏನು ಬೇಕಾದ್ರೂ ಮಾಡು. ಆದ್ರೆ ಬೆಲ್ಟು ಕಟ್ಟುತಿದ್ದೆಯಲ್ಲೇ ಅಕ್ಕ! ದಿನಾ ಬಂದು ನನ್ನ ಕೈಗೆ ನೀನೇ ಬೆಲ್ಟು ಕಟ್ಟುತಿದ್ದೆಯಲ್ಲ!'

'ಹೂಂ, ಕಟ್ಟುತಿದ್ದೆ.'

'ಬೇಡ ಕಣೋ ಅಂತ ಒಂದು ಮಾತು ಹೇಳೋಕೆ ಬಾಯಿ ಬರಲಿಲ್ವಾ?'

ಅಕ್ಕ ಸ್ಟೂಲು ಎಳೆದು ಕೂತಳು. 'ನಾನು ಹೆದರಿ ಬಿಟ್ಟಿದ್ದಲ್ಲ ಪುಟ್ಟ. ಯಾವ ವಿಮಾನವೂ ನೆಲಕ್ಕೆ ಬಡೀಲಿಲ್ಲ. ಅಮ್ಮ ಹಾಸಿಗೆ ಹಿಡಿದಳು, ನಿಂಗೆ ಎಂಟು ವರ್ಷ. ಮಾರನೇ ದಿನ ನಾನು ಮೊದಲ ಸಲ ಒಬ್ಬಳೇ ಹಾರಿಸೋದಿತ್ತು. ಹಿಂದಿನ ಸೀಟಲ್ಲಿ ಮೇಷ್ಟ್ರು ಇಲ್ಲ, ನಾನೊಬ್ಬಳೇ. ಅಪ್ಪ ಬಂದು, ಹುಡುಗನ್ನ ಯಾರು ನೋಡ್ಕೋತಾರೆ ಅಂದ್ರು. ಮುಗೀತು. ಹೆದರಿದ ಕಥೆ ಅಪ್ಪ ಕಟ್ಟಿದ್ದು, ನಿನ್ನ ಮನಸ್ಸಿಗೆ ಹತ್ತಬಾರದು ಅಂತ. ನೀನು ಅದನ್ನೇ ಹಿಡ್ಕೊಂಡು ಊರೆಲ್ಲ ನಗಿಸಿದೆ.'

'ನಂಗೆ ಗೊತ್ತಿತ್ತಾ? ಎಂಟು ವರ್ಷದವನು ನಾನು! ನನ್ನ ನೋಡ್ಕೋ ಅಂತ ಕೇಳಿದ್ನಾ?'

'ಕೇಳಲಿಲ್ಲ. ಅದಕ್ಕೇ ನಿನ್ನ ಮೇಲೆ ಬಾಯಿಬಿಟ್ಟು ಸಿಟ್ಟು ಮಾಡೋಕೂ ಆಗಲಿಲ್ಲ. ಯಾರಿಗೋಸ್ಕರ ಬಿಟ್ಟೆನೋ ಅವನ ಕೈಯಿಂದಲೇ ಅದನ್ನ ಆಟದ ಸಾಮಾನಿನ ಹಾಗೆ ತಗೊಂಡು ಷೋಕೇಸಲ್ಲಿ ಇಟ್ಟುಕೋಬೇಕಾ? ಆಗಲಿಲ್ಲ ಕಣೋ.'

'ಹಾಗಾದ್ರೆ ಬೆಲ್ಟು?' ಅವನು ಮತ್ತೆ ಅಲ್ಲಿಗೇ ಬಂದ. ಬೇರೆಲ್ಲ ಅರ್ಥವಾಗುತ್ತಿತ್ತು, ಅದೊಂದು ಆಗುತ್ತಿರಲಿಲ್ಲ.

ಅಕ್ಕ ಅವನ ಕಪ್ಪಾದ ಮಣಿಕಟ್ಟು ನೋಡಿದಳು. 'ಮೊದಮೊದಲು ಹೇಳಿಬಿಡೋಣ ಅಂತಲೇ ಮೆಟ್ಟಿಲು ಹತ್ತುತಿದ್ದೆ. ಆಮೇಲೆ... ಸುಳ್ಳು ಯಾಕೆ ಹೇಳ್ಲಿ. ನೀನು ಒದ್ದಾಡೋದು ನೋಡ್ತಾ ಕೂತ್ರೆ ನಂಗೆ ಸಮಾಧಾನ ಆಗ್ತಿತ್ತು. ಇವನೂ ಸ್ವಲ್ಪ ಕಳ್ಕೊಳ್ಳಲಿ ಅನ್ನಿಸ್ತಿತ್ತು.'

ಅಷ್ಟು ಹೊತ್ತೂ ಸಿಟ್ಟಿನಲ್ಲಿ ನಿಂತಿದ್ದವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಬೇರೆ ಯಾರು ಹೇಳಿದ್ದರೂ ಜಗಳವಾಡುತ್ತಿದ್ದ. ಇವಳು ಅಕ್ಕ. ಕೂಸಿನಿಂದ ಎತ್ತಿ ಆಡಿಸಿದವಳು, ಇವತ್ತಿಗೂ ಅವನ ತಟ್ಟೆಗೆ ಮೊದಲು ಬಡಿಸುವವಳು.

'ಹಾಗಾದ್ರೆ ಇಷ್ಟು ವರ್ಷ ಹಾಕಿದ ಅನ್ನ?'

'ಅದು ಸುಳ್ಳಲ್ಲ. ಪ್ರೀತಿಯಿಂದಲೇ ಹಾಕಿದ್ದು' ಎಂದಳು ಅಕ್ಕ. 'ಎರಡೂ ಇತ್ತು ಪುಟ್ಟ. ಏನು ಮಾಡ್ಲಿ, ಎರಡೂ ಇತ್ತು.'

ಹೊರಗೆ ಭಾವನ ಸ್ಕೂಟರು ಬಂದು ನಿಂತಿತು. ಅವರು ಒಳಗೆ ಬರಲಿಲ್ಲ. ಮೇಸ್ತ್ರಿ ಚೀಲದಿಂದ ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಇದನ್ನೂ ಯಾರಿಗಾದರೂ ಕೊಟ್ಟುಬಿಡು ಎಂದು ಎಸೆಯಬೇಕೆಂದೇ ತೆಗೆದದ್ದು. ಹತ್ತಿಯ ಮೇಲೆ ಗುಲಾಬಿ ಮೂಗು ಮಲಗಿತ್ತು, ಒಂದು ಕಿಂಡಿ ಅತ್ತಂತೆ. ಅಕ್ಕನ ಕಣ್ಣು ಅದರ ಮೇಲೆ ಬಿತ್ತು, ಅಲ್ಲೇ ನಿಂತಿತು. ಅವಳು ಎದ್ದಳು. ಮುಖದಲ್ಲಿ ಇಷ್ಟು ಹೊತ್ತು ಇಲ್ಲದ್ದೇನೋ ಬಂತು.

'ಕೊಡು ಇಲ್ಲಿ' ಎಂದು ಕೈ ಚಾಚಿದಳು. 'ಒಂದು ಸಲ ಕೊಡೋ, ಮುಟ್ಟಿ ನೋಡ್ತೀನಿ.'

ಮೂರು ವರ್ಷದಿಂದ ಅವನು ಕಾಯುತ್ತಿದ್ದದ್ದು ಇದೇ ಕೈಗೆ, ಇದೇ ಮಾತಿಗೆ.

'ಇಲ್ಲ' ಎಂದ ಮೇಸ್ತ್ರಿ. 'ಇದು ನಿಂಗಲ್ಲ.'

ಮುಚ್ಚಳ ಹಾಕಲು ಹೋದ. ಕೈ ನಡುಗಿ ಮುಚ್ಚಳ ಡಬ್ಬಿಯ ಅಂಚಿಗೆ ಟಕಟಕ ಬಡಿಯಿತೇ ಹೊರತು ಕೂರಲಿಲ್ಲ. ಅಕ್ಕ ಅಭ್ಯಾಸದಂತೆ ಸಹಾಯಕ್ಕೆ ಒಂದು ಹೆಜ್ಜೆ ಮುಂದೆ ಬಂದಳು. ಅವನು ಅವಳಿಗೆ ಬೆನ್ನು ಹಾಕಿ ನಿಂತು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ತಾನೇ ಮುಚ್ಚುವವರೆಗೂ ಹಾಗೇ ನಿಂತಿದ್ದ.